ಕುರ್ಚಿ ಎಣಿಸುವ ಎಲೆ

ಚುನಾವಣೆಯನ್ನು ಗೇಲಿ ಮಾಡುವುದಕ್ಕೆ ಒಂದು ಮಾತು ಸಾಕು. ಅದನ್ನೇ ಆಟವಾಗಿ ಕಟ್ಟಬೇಕೆಂದರೆ ನಿಯಮ ಬೇಕಾಗುತ್ತದೆ. ನಿಯಮ ಬರೆಯಲು ಕುಳಿತವನು ಅಭ್ಯರ್ಥಿ ಏನು ಮಾಡುತ್ತಾನೆ ಎಂಬುದರ ಜೊತೆಗೆ ಅದನ್ನು ಯಾಕೆ ಮಾಡುತ್ತಾನೆ, ಮಾಡದೆ ಸುಮ್ಮನಿದ್ದರೆ ಅವನ ಗತಿ ಏನಾಗುತ್ತದೆ ಎಂಬುದನ್ನೂ ಹೇಳಬೇಕಾಗುತ್ತದೆ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ರಜೆಗೆ ಗಂಗಾವತಿಗೆ ಬಂದಾಗಲೆಲ್ಲ ಇಂಥದೊಂದು ಆಟವನ್ನು ತಿದ್ದಿ ತೀಡುತ್ತ ಬಂದಿದ್ದಾನೆ. ನಾಲ್ಕರಿಂದ ಆರು ಜನ ಕೂತು ಆಡುವ ಎಲೆಯಾಟ ಅದು. ಪ್ರತಿಯೊಬ್ಬರೂ ಒಬ್ಬೊಬ್ಬ ಅಭ್ಯರ್ಥಿಯಾಗಿ ನಾಮಪತ್ರದಿಂದ ಮತ ಎಣಿಕೆಯವರೆಗೆ ಒಂದು ಪ್ರಚಾರವನ್ನು ನಡೆಸಿ ಮುಗಿಸಬೇಕು. ಎಲೆಗಳೆಲ್ಲ ಆಫ್‌ಸೆಟ್ ಪ್ರೆಸ್ಸೊಂದರಲ್ಲಿ ಉಳಿದುಹೋದ ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು ಕತ್ತರಿಸಿ ಮಾಡಿದವು. ಹಾಗಾಗಿ ಒಂದು ಬದಿಯಲ್ಲಿ 'ಠೇವಣಿ ಜಪ್ತಿ' ಎಂದಿದ್ದರೆ ಹಿಂಬದಿಯಲ್ಲಿ ಗಣಪತಿಯ ಅರ್ಧ ಸೊಂಡಿಲು ಕಾಣಿಸುತ್ತದೆ. ನಾಲ್ಕಾರು ಸಲ ಆಡಿ ಪಳಗಿದವರಿಗೆ ಎದುರಾಳಿಯ ಕೈಯಲ್ಲಿ ಗಣಪತಿಯ ಕಿವಿ ಕಂಡರೆ ಸಾಕು, ಅದು ಯಾವ ಎಲೆ ಎಂದು ಗೊತ್ತಾಗಿಬಿಡುತ್ತದೆ. ಇದು ದೋಷವಲ್ಲವೆ ಎಂದು ಕೇಳಿದರೆ, ಅದನ್ನೇ ಗುಪ್ತಚರ ವರದಿ ಎನ್ನುತ್ತಾರೆ ಮಾಮಾ ಎಂದು ಹುಡುಗ ಉತ್ತರಿಸಿದ.

ಚುನಾವಣೆಯನ್ನು ಆಟವಾಗಿಸುವ ಪ್ರಯತ್ನ ಹೊಸದೇನಲ್ಲ. ಜರ್ಮನಿಯ ಕಾರ್ಲ್ ಹೈನ್ಸ್ ಷ್ಮೀಲ್ ರೂಪಿಸಿದ 'ಡೀ ಮಾಖರ್' 1986ರಷ್ಟು ಹಿಂದೆಯೇ ಬಂದಿದೆ. ಅಲ್ಲಿನ ಪ್ರಾಂತೀಯ ಚುನಾವಣೆಗಳನ್ನು ಒಂದಾದ ಮೇಲೊಂದರಂತೆ ಎದುರಿಸುತ್ತ ಹೋಗುವ, ಗಂಟೆಗಟ್ಟಲೆ ಹಿಡಿಯುವ ಗಂಭೀರ ಆಟ ಅದು. ನಮ್ಮ ದೇಶದಲ್ಲಿ ಝೈನ್ ಮೆಮನ್ ಅವರ 'ಶಾಸನ್' ಆಟಕ್ಕೆ 2019ರಲ್ಲಿ ಜನರಿಂದ ಹಣ ಕೂಡಿಸಲಾಯಿತು. ಆಟಗಾರರು ಒಂದೊಂದು ರಾಜಕೀಯ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ಉತ್ತರಿಸುತ್ತ ಹೋದಂತೆ ಅವರ ಕೈಗೆ ಹಣವೋ ಪ್ರಭಾವವೋ ಮಾಧ್ಯಮವೋ ಜನರ ನಂಬಿಕೆಯೋ ಬಂದು ಸೇರುತ್ತದೆ. ತಾನು ಯಾವ ಬಗೆಯ ರಾಜಕಾರಣಿ ಎಂಬುದು ಆಟಗಾರನಿಗೆ ತನ್ನ ಉತ್ತರಗಳಿಂದಲೇ ತಿಳಿಯುತ್ತದೆ. ಅವೆರಡೂ ಅಚ್ಚುಕಟ್ಟಾದ ಆಟಗಳು. ನಮ್ಮ ಹುಡುಗನಿಗೆ ಬೇಕಾಗಿದ್ದುದು ನಗು, ಅದೂ ಮಂಡಾಳ ಒಗ್ಗರಣಿ ಮಿರ್ಚಿ ತಿನ್ನುತ್ತ ಮನೆಮಂದಿಯೆಲ್ಲ ಚಾಪೆಯ ಮೇಲೆ ಕೂತು ನಗುವಂಥ ನಗು. ಮಾಧ್ಯಮಿಕ ಶಾಲೆಯ ಮೇಷ್ಟ್ರಾಗಿ ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಕೆಲಸ ಮಾಡಿರುವ ಕಾರಣಕ್ಕೆ ನನ್ನನ್ನು ಸಲಹೆಗಾರನನ್ನಾಗಿ ನೇಮಿಸಲಾಯಿತು.

ಮೊದಮೊದಲು ಕಟ್ಟಿನ ತುಂಬ ಉತ್ಪ್ರೇಕ್ಷೆಯ ಎಲೆಗಳೇ ಇದ್ದವು. ಮನೆಗೊಂದು ಹೆಲಿಕಾಪ್ಟರ್ ಕೊಡುವ ಭರವಸೆ, ಚಂದ್ರನ ಮೇಲೆ ಸಮುದಾಯ ಭವನ, ಎದುರಾಳಿಯ ಮೇಲೆ ಹಾರುವ ತಟ್ಟೆಯಲ್ಲಿ ಬಂದವನೆಂಬ ಆರೋಪ. ಇವುಗಳನ್ನು ಓದಿದಾಗ ಚಾಪೆಯ ಸುತ್ತ ಕುಳಿತವರು ಸೌಜನ್ಯಕ್ಕೆ ನಕ್ಕರು, ಎರಡನೆಯ ಸಲಕ್ಕೆ ಅದೂ ಇಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. 2021ರ ತಮಿಳುನಾಡು ವಿಧಾನಸಭಾ ಚುನಾವಣೆಯಲ್ಲಿ ಮಧುರೈ ದಕ್ಷಿಣ ಕ್ಷೇತ್ರದ ಪಕ್ಷೇತರ ಅಭ್ಯರ್ಥಿಯೊಬ್ಬರು ಮನೆಗೊಂದು ಪುಟ್ಟ ಹೆಲಿಕಾಪ್ಟರ್, ಚಂದ್ರಲೋಕಕ್ಕೆ ಪ್ರವಾಸ, ಗೃಹಿಣಿಯರ ಕೆಲಸಕ್ಕೆ ರೋಬೊ, ಊರು ತಂಪಾಗಿಡಲು ಕೃತಕ ಹಿಮಬೆಟ್ಟ ಎಂದೆಲ್ಲ ಘೋಷಿಸಿಯಾಗಿದೆ. ಉಚಿತ ಕೊಡುಗೆಗಳ ಬಗ್ಗೆ ಜನ ಯೋಚಿಸಲಿ ಎಂಬುದು ಅವರ ಉದ್ದೇಶವಾಗಿತ್ತು. ಕಲ್ಪನೆಯಿಂದ ಹಿಗ್ಗಿಸಲು ಹೊರಟವನಿಗೆ ಹಿಗ್ಗಿಸುವ ಜಾಗವನ್ನೇ ವಾಸ್ತವ ಉಳಿಸಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಬೇರೆಯದಕ್ಕೆ: ಚುನಾವಣಾ ಆಯೋಗದ ಕೈಪಿಡಿಯಲ್ಲಿರುವ ನಿಯಮವೊಂದನ್ನು ಒಂದಕ್ಷರವೂ ಹೆಚ್ಚಿಸದೆ ಎಲೆಯ ಮೇಲೆ ಬರೆದಾಗ.

ಅದು ಕುರ್ಚಿ ಎಣಿಸುವ ಎಲೆ. ವಿಧಾನಸಭೆಗೆ ಸ್ಪರ್ಧಿಸುವ ಅಭ್ಯರ್ಥಿಯ ಖರ್ಚಿಗೆ ಕರ್ನಾಟಕದಂಥ ದೊಡ್ಡ ರಾಜ್ಯಗಳಲ್ಲಿ 2022ರ ಜನವರಿಯಿಂದ 40 ಲಕ್ಷ ರೂಪಾಯಿಯ ಮಿತಿಯಿದೆ. ಲೋಕಸಭೆಗಾದರೆ 95 ಲಕ್ಷ. ಈ ಮಿತಿಯನ್ನು ಕಾಯಲು ಆಯೋಗ ನಿಲ್ಲಿಸಿರುವ ವ್ಯವಸ್ಥೆ ಮಾತ್ರ ಸಾಮಾನ್ಯದ್ದಲ್ಲ. ಸಭೆ ನಡೆದಲ್ಲಿಗೆ ವಿಡಿಯೊ ಕಣ್ಗಾವಲು ತಂಡ ಹೋಗಿ ಚಿತ್ರೀಕರಿಸುತ್ತದೆ. ಆ ಚಿತ್ರಿಕೆಯನ್ನು ಇನ್ನೊಂದು ತಂಡ ಕುಳಿತು ನೋಡಿ ಕುರ್ಚಿ ಎಷ್ಟು, ಶಾಮಿಯಾನ ಎಷ್ಟು ದೊಡ್ಡದು, ಧ್ವನಿವರ್ಧಕ ಎಷ್ಟು, ವಾಹನ ಎಷ್ಟು ಎಂದು ಬರೆದುಕೊಳ್ಳುತ್ತದೆ. ಜಿಲ್ಲಾ ಚುನಾವಣಾಧಿಕಾರಿ ಮೊದಲೇ ಒಂದು ದರಪಟ್ಟಿ ಹೊರಡಿಸಿರುತ್ತಾರೆ. ಒಂದು ಕಪ್ ಚಹಾ, ಒಂದು ತಟ್ಟೆ ಉಪ್ಪಿಟ್ಟು, ಒಂದು ಹೂಮಾಲೆ, ಒಂದು ಪ್ಲಾಸ್ಟಿಕ್ ಕುರ್ಚಿಯ ದಿನದ ಬಾಡಿಗೆ ಎಲ್ಲಕ್ಕೂ ಅದರಲ್ಲಿ ಬೆಲೆ ನಿಗದಿಯಾಗಿರುತ್ತದೆ. ಅಭ್ಯರ್ಥಿ ತನ್ನ ವಹಿಯಲ್ಲಿ ತನ್ನ ಲೆಕ್ಕ ಬರೆದರೆ, ಲೆಕ್ಕದ ತಂಡ ಅವನಿಗಾಗಿಯೇ ಇನ್ನೊಂದು ನೆರಳು ವಹಿಯನ್ನು ಬರೆಯುತ್ತಿರುತ್ತದೆ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಸಲ ಎರಡನ್ನೂ ಎದುರುಬದುರು ಇಟ್ಟು ತಾಳೆ ನೋಡುತ್ತಾರೆ. ಫಲಿತಾಂಶ ಬಂದ 30 ದಿನಗಳೊಳಗೆ ಪೂರ್ಣ ಲೆಕ್ಕ ಒಪ್ಪಿಸದಿದ್ದರೆ ಮೂರು ವರ್ಷ ಅನರ್ಹನಾಗುವ ಸಂಭವವಿದೆ.

ಇದನ್ನು ಆಟದೊಳಗೆ ತಂದ ಬಗೆ ನನಗೆ ಬಹಳ ಹಿಡಿಸಿತು. ಪ್ರತಿ ಆಟಗಾರನಿಗೂ 40 ಚೌಕಗಳಿರುವ ಒಂದು ಹಾಳೆ ಕೊಡಲಾಗುತ್ತದೆ, ಚೌಕಕ್ಕೆ ಒಂದು ಲಕ್ಷ. ಎಲೆ ಒಗೆದಾಗಲೆಲ್ಲ ತನ್ನ ಖರ್ಚನ್ನು ತಾನೇ ತುಂಬಿಕೊಳ್ಳಬೇಕು. ಅದೇ ಹೊತ್ತಿಗೆ ಅವನ ಬಲಗಡೆ ಕುಳಿತವನು ಅವನದೇ ಹೆಸರಿನ ಇನ್ನೊಂದು ಹಾಳೆಯಲ್ಲಿ ನೆರಳು ವಹಿ ಬರೆಯುತ್ತಾನೆ. ಯಾರ ಹಾಳೆಯನ್ನು ಯಾರೂ ಇಣುಕಿ ನೋಡುವಂತಿಲ್ಲ. ಕುರ್ಚಿ ಎಣಿಸುವ ಎಲೆ ಬಿದ್ದ ಕೂಡಲೇ ಎರಡೂ ಹಾಳೆಗಳನ್ನು ಮೇಲೆತ್ತಿ ತೋರಿಸಬೇಕು, ವ್ಯತ್ಯಾಸ ಬಂದಷ್ಟು ಚೌಕ ಹೆಚ್ಚುವರಿಯಾಗಿ ತುಂಬಬೇಕು, ಮೇಲಾಗಿ ಒಂದು ನೋಟಿಸ್ ಎಲೆ ಹಿಡಿಯಬೇಕು. ನೋಟಿಸಿಗೆ ಉತ್ತರವನ್ನು ಎದ್ದು ನಿಂತು ಶುದ್ಧ ಕಚೇರಿ ಕನ್ನಡದಲ್ಲಿ ಕೊಡಬೇಕೆಂಬುದು ನಾನು ಸೇರಿಸಿದ ನಿಯಮ. ಎದುರು ಮನೆಯಲ್ಲಿರುವ ಅಕ್ಕಿ ಗಿರಣಿಯ ಗುಮಾಸ್ತರು ವೃತ್ತಿಯಿಂದಲೇ ವಹಿ ಬರೆಯುವವರು. ಅವರು ಎದ್ದು ನಿಂತು, "ಸದರಿ ಸಭೆಯಲ್ಲಿ ಕಂಡುಬಂದಿರುವ ಇನ್ನೂರು ಕುರ್ಚಿಗಳ ಪೈಕಿ ನೂರೈವತ್ತು ಕುರ್ಚಿಗಳು ಖಾಲಿಯಿದ್ದುದರಿಂದ ಅವುಗಳನ್ನು ಪ್ರಚಾರ ಸಾಮಗ್ರಿಯೆಂದು ಪರಿಗಣಿಸಬಾರದಾಗಿ ವಿನಂತಿ" ಎಂದು ಮುಖದಲ್ಲಿ ಒಂದು ಗೆರೆಯೂ ಕದಲದಂತೆ ಹೇಳಿದಾಗ, ಒಳಮನೆಯಲ್ಲಿ ಮೆಣಸಿನಕಾಯಿಗೆ ಹಿಟ್ಟು ಕಲಸುತ್ತಿದ್ದ ಅಕ್ಕನೂ ಹೊರಗೆ ಬಂದು ನಕ್ಕಳು.

ತಾರಾ ಪ್ರಚಾರಕರ ಎಲೆಯಲ್ಲೂ ಹೀಗೆಯೇ ಆಯಿತು. ಮಾನ್ಯತೆ ಪಡೆದ ಪಕ್ಷವೊಂದು ಸಾಮಾನ್ಯವಾಗಿ 40 ಮಂದಿಯನ್ನು ತಾರಾ ಪ್ರಚಾರಕರೆಂದು ಹೆಸರಿಸಬಹುದು. ಅವರ ಓಡಾಟದ ಖರ್ಚು ಪಕ್ಷದ ಲೆಕ್ಕಕ್ಕೆ ಹೋಗುತ್ತದೆ, ಪಕ್ಷದ ಖರ್ಚಿಗೆ ಕಾನೂನಿನಲ್ಲಿ ಮಿತಿಯೇ ಇಲ್ಲ. ಆದರೆ ಅಭ್ಯರ್ಥಿ ಅದೇ ವೇದಿಕೆ ಹತ್ತಿದರೆ, ಅಥವಾ ಅವನ ಹೆಸರು, ಭಾವಚಿತ್ರ ಅಲ್ಲಿ ಕಾಣಿಸಿಕೊಂಡರೆ, ಆ ಸಭೆಯ ಖರ್ಚಿನಲ್ಲಿ ಅವನಿಗೂ ಪಾಲು ಬೀಳುತ್ತದೆ. ಅಂದರೆ ದೊಡ್ಡ ನಾಯಕರು ನಮಗಾಗಿ ಬಂದಿದ್ದಾರೆ, ಮತ ಕೇಳುತ್ತಿರುವುದು ನಮಗಾಗಿಯೇ, ನಾವು ಮಾತ್ರ ಎಲ್ಲಿಯೂ ಕಾಣಿಸಿಕೊಳ್ಳದಿದ್ದರೆ ಲಾಭ. ಆಟದಲ್ಲಿ ಈ ಎಲೆ ಒಗೆದವನು ಐದು ಬೂತುಗಳಲ್ಲಿ ಮುನ್ನಡೆ ಪಡೆಯುತ್ತಾನೆ, ಆದರೆ ಆ ಸುತ್ತು ಮುಗಿಯುವವರೆಗೆ ಚಾಪೆ ಬಿಟ್ಟು ಕೆಳಗೆ ಕೂತಿರಬೇಕು. ಮೈಮರೆತು ಚಾಪೆಯ ಮೇಲೆ ಕೈಯೂರಿದರೂ ಚೌಕ ತುಂಬುತ್ತದೆ.

ಬಳ್ಳಾರಿ ಸೀಮೆಯವರಿಗೆ ತಾರೆಯರು ಬಂದಿಳಿಯುವುದೆಂದರೆ ಏನೆಂದು ವಿವರಿಸಿ ಹೇಳಬೇಕಾಗಿಲ್ಲ. 1999ರ ಲೋಕಸಭಾ ಚುನಾವಣೆಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಇಲ್ಲಿ ಎದುರಾದಾಗ ಅಭ್ಯರ್ಥಿಗಳೇ ತಾರೆಯರಾಗಿದ್ದರು. ಸುಷ್ಮಾ ಪ್ರಚಾರದ ನಡುವೆಯೇ ಕನ್ನಡ ಕಲಿತು ಕನ್ನಡದಲ್ಲಿ ಭಾಷಣ ಮಾಡಿದರು, ಸುಮಾರು 56 ಸಾವಿರ ಮತಗಳಿಂದ ಸೋತರು, ಸೋತ ಮೇಲೂ ಎಷ್ಟೋ ವರ್ಷ ವರಮಹಾಲಕ್ಷ್ಮಿ ಪೂಜೆಗೆ ಬಳ್ಳಾರಿಗೆ ಬರುತ್ತಿದ್ದರು. ಗೆದ್ದ ಸೋನಿಯಾ ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. ಮರುವರ್ಷ ಇಲ್ಲಿ ಉಪಚುನಾವಣೆ ನಡೆಯಿತು. ಈ ಇಡೀ ಪ್ರಸಂಗ ಆಟದಲ್ಲಿ ಎರಡು ಎಲೆಗಳಾಗಿದೆ. ಒಂದನ್ನು ಹಿಡಿದವರು ತಮಗೆ ಬಾರದ ಭಾಷೆಯಲ್ಲಿ ಒಂದು ವಾಕ್ಯ ಭಾಷಣ ಮಾಡಬೇಕು. ಗುಮಾಸ್ತರು ತೆಲುಗು ಬಲ್ಲವರಾದ್ದರಿಂದ ಅವರಿಗೆ ಮಲಯಾಳವೇ ಆಗಬೇಕೆಂದು ಹುಡುಗರು ಹಟ ಹಿಡಿದರು. ಇನ್ನೊಂದು 'ಎರಡೂ ಕಡೆ ಗೆಲುವು' ಎಂಬ ಎಲೆ. ಅದನ್ನು ಹಿಡಿದವರು ಗೆದ್ದರೆ ಉಳಿದವರೆಲ್ಲ ಎಲೆ ಕಲಸಿ ಮತ್ತೆ ಮೊದಲಿನಿಂದ ಆಡಬೇಕು, ಗೆದ್ದವರು ಮಿರ್ಚಿ ತಿನ್ನುತ್ತ ನೋಡುತ್ತಿರಬಹುದು.

ಪಕ್ಷಾಂತರದ ಎಲೆಗೆ ಮಾದರಿ ರಾಯಚೂರು ಜಿಲ್ಲೆಯಿಂದಲೇ ಸಿಕ್ಕಿತು. 2018ರಲ್ಲಿ ಮಸ್ಕಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಸೋಲಿಸಿದ್ದು ಕೇವಲ 213 ಮತಗಳಿಂದ. 2019ರ ರಾಜೀನಾಮೆ, ಅನರ್ಹತೆಗಳ ಸರಣಿಯಲ್ಲಿ ಪಾಟೀಲರ ಸ್ಥಾನ ತೆರವಾಯಿತು. 2021ರ ಏಪ್ರಿಲಿನಲ್ಲಿ ಉಪಚುನಾವಣೆ ಬಂದಾಗ ಅದೇ ಇಬ್ಬರು ಮತ್ತೆ ಎದುರುಬದುರಾದರು. ಆದರೆ ಈ ಬಾರಿ ಪಾಟೀಲರು ಬಿಜೆಪಿಯಿಂದ, ತುರ್ವಿಹಾಳರು ಕಾಂಗ್ರೆಸ್ಸಿನಿಂದ. ಗೆದ್ದದ್ದು ಮತ್ತೆ ಕಾಂಗ್ರೆಸ್ಸೇ, ಅಂತರ 30 ಸಾವಿರ ದಾಟಿತ್ತು. ಆಟದಲ್ಲಿ ಪಕ್ಷಾಂತರದ ಎಲೆ ಬಿದ್ದರೆ ಇಬ್ಬರು ಆಟಗಾರರು ತಮ್ಮ ಚಿಹ್ನೆಯನ್ನೂ ಮುಂದಿಟ್ಟ ಭರವಸೆಗಳನ್ನೂ ಅದಲುಬದಲು ಮಾಡಿಕೊಳ್ಳಬೇಕು. ಆರೋಪದ ಎಲೆಗಳು ಮಾತ್ರ ಆಯಾ ವ್ಯಕ್ತಿಯ ಬಳಿಯೇ ಉಳಿಯುತ್ತವೆ. ಹಿಂದಿನ ಸುತ್ತಿನಲ್ಲಿ ತಾನೇ ಎದುರಾಳಿಯ ಮೇಲೆ ಹೊರಿಸಿದ್ದ ಮಾತನ್ನು ಈಗ ತನ್ನ ಪಕ್ಷದ ಪರವಾಗಿ ನುಂಗಿಕೊಂಡು, ತಾನೇ ಕೊಟ್ಟಿದ್ದ ಭರವಸೆಯನ್ನು ಪೊಳ್ಳೆಂದು ಸಾಧಿಸಬೇಕಾಗಿ ಬಂದವನ ಪಾಡು ನೋಡುವಂತಿರುತ್ತದೆ. ಈ ಎಲೆಯ ಮೇಲೆ ಹುಡುಗ ಒಂದು ಚಿತ್ರವನ್ನೂ ಬಿಡಿಸಿಲ್ಲ, ಒಂದು ಜೋಕನ್ನೂ ಬರೆದಿಲ್ಲ.

ಭರವಸೆಯ ಎಲೆಗಳು ಬಹಳಷ್ಟಿವೆ, ಹೆಚ್ಚಿನವು ಒಂದು ಸಲ ಬಳಸಿದ ಮೇಲೆ ಕಟ್ಟಿನ ಅಡಿಗೆ ಹೋಗುತ್ತವೆ. ಒಂದೇ ಒಂದು ಎಲೆ ಒಗೆದ ಮೇಲೂ ಒಗೆದವನ ಕೈಗೇ ಮರಳುತ್ತದೆ, ಎಷ್ಟು ಸಲ ಬೇಕಾದರೂ ಬಳಸಬಹುದು, ಆಟ ಮುಗಿದರೂ ಮುಂದಿನ ಆಟಕ್ಕೆ ಅವನ ಬಳಿಯೇ ಇರುತ್ತದೆ. ಅದರ ಮೇಲೆ ಬರೆದಿರುವುದು 'ಕೊನೆಭಾಗಕ್ಕೆ ನೀರು'. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಸುಮಾರು 227 ಕಿಲೊಮೀಟರ್ ಹರಿಯುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರಿನ ಭತ್ತದ ಗದ್ದೆಗಳನ್ನು ದಾಟಿ ಮಾನ್ವಿ, ಸಿರವಾರದ ಕಡೆಗೆ ಹೋಗುವಷ್ಟರಲ್ಲಿ ಕಾಲುವೆಯಲ್ಲಿ ಉಳಿಯುವುದು ಎಷ್ಟು ಎಂಬುದು ಪ್ರತಿ ಬೇಸಿಗೆಯ ಜಗಳ. ಮೊದಲು 130 ಟಿಎಂಸಿ ಮೀರಿದ್ದ ಜಲಾಶಯದ ಸಾಮರ್ಥ್ಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಕನಕಗಿರಿ ಬಳಿಯ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ಇದೆ. ನಾನು ಕಂಡಂತೆ ಈ ಎಲೆಗೆ ನಗುವುದರಲ್ಲಿ ಊರೂರಿಗೆ ವ್ಯತ್ಯಾಸವಿದೆ. ಗಂಗಾವತಿಯವರು ಕಾಲುವೆಯ ಮೇಲ್ಭಾಗದವರು, ಜೋರಾಗಿ ನಗುತ್ತಾರೆ. ಮಾನ್ವಿಯಿಂದ ಬಂದಿದ್ದ ನಮ್ಮ ಬೀಗರು ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಖರೇ ಐತಿ ಬಿಡ್ರಿ" ಎಂದು ಮುಂದಿನವರಿಗೆ ದಾಟಿಸಿದರು.

ಚಿಹ್ನೆಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ಹುಡುಗನ ಕೆಲಸ ಕಡಿಮೆ, ಆಯೋಗದ ಕೆಲಸವೇ ಹೆಚ್ಚು. ಪಕ್ಷೇತರರಿಗೆಂದು ಇಟ್ಟಿರುವ ಮುಕ್ತ ಚಿಹ್ನೆಗಳ ಪಟ್ಟಿಯಲ್ಲಿ ಹೂಕೋಸು, ಬೆಂಡೆಕಾಯಿ, ಹಸಿಮೆಣಸಿನಕಾಯಿ, ಉಗುರು ಕತ್ತರಿಸುವ ಸಾಧನ, ಸ್ಟೇಪ್ಲರ್, ಹಲ್ಲುಜ್ಜುವ ಬ್ರಷ್ ಎಲ್ಲವೂ ಇವೆ. ಇವನು ಅವನ್ನು ಹಾಗೆಯೇ ಬಿಡಿಸಿದ್ದಾನೆ. ಒಂದೇ ಹೆಸರಿನ ಅಭ್ಯರ್ಥಿಯನ್ನು ಎದುರಾಳಿಯ ವಿರುದ್ಧ ನಿಲ್ಲಿಸುವ ಎಲೆಯೂ ಇದೆ. 2024ರಲ್ಲಿ ರಾಮನಾಥಪುರದಲ್ಲಿ ಮಾಜಿ ಮುಖ್ಯಮಂತ್ರಿ ಒ. ಪನ್ನೀರಸೆಲ್ವಂ ಹಲಸಿನ ಹಣ್ಣಿನ ಚಿಹ್ನೆ ಹಿಡಿದು ನಿಂತಾಗ ಅದೇ ಹೆಸರಿನ ಇನ್ನೂ ಹಲವರು ಕಣದಲ್ಲಿದ್ದುದನ್ನು ಓದಿದವರಿಗೆ ಇದರ ಮೂಲ ಗೊತ್ತಿರುತ್ತದೆ.

ಆಟ ಕೆಟ್ಟದ್ದು, ಮತ್ತೆ ಚೆನ್ನಾದದ್ದು, ಎರಡೂ ರೊಕ್ಕದ ಎಲೆಯಿಂದ. ಬಹಿರಂಗ ಪ್ರಚಾರ ಮತದಾನ ಮುಗಿಯುವ 48 ಗಂಟೆ ಮೊದಲು ನಿಲ್ಲಬೇಕು. ಆ ಮೇಲಿನ ಸುತ್ತಿಗೆ ಆಟದಲ್ಲಿ 'ಕತ್ತಲ ರಾತ್ರಿ' ಎಂದು ಹೆಸರು. ಆಗ ಮಾತನಾಡುವಂತಿಲ್ಲ, ಸನ್ನೆಯಲ್ಲಿಯೇ ಎಲೆ ಒಗೆಯಬೇಕು. ಮೊದಲಿದ್ದ ನಿಯಮದಂತೆ ಒಂದು ರೊಕ್ಕದ ಎಲೆಗೆ ಎರಡು ಮತ ಸಿಗುತ್ತಿದ್ದವು. ಪರಿಣಾಮವಾಗಿ ಯಾರ ಕೈಗೆ ಹೆಚ್ಚು ರೊಕ್ಕದ ಎಲೆ ಬಂದಿತೋ ಅವರೇ ಪ್ರತಿ ಸಲ ಗೆಲ್ಲುತ್ತಿದ್ದರು, ಅದಕ್ಕೆ ಮುಂಚಿನ ಭರವಸೆ, ಆರೋಪ, ಕುರ್ಚಿ ಎಲ್ಲವೂ ವ್ಯರ್ಥವಾಗುತ್ತಿತ್ತು. ಚುನಾವಣೆ ಹೀಗೆಯೇ ಅಲ್ಲವೆ ನಡೆಯುವುದು ಎಂದು ನಾವು ಗಂಡಸರೆಲ್ಲ ತಲೆದೂಗಿ ಒಪ್ಪಿಕೊಂಡಿದ್ದೆವು. ಒಪ್ಪದವಳು ಅಕ್ಕ. ಅವಳು ಆಟಕ್ಕೆ ಕೂತವಳಲ್ಲ, ತಟ್ಟೆ ಇಡಲು ಬಂದವಳು ಹಾಗೆಯೇ ನಿಂತು ಕೇಳಿದಳು: "ರೊಕ್ಕ ತಗೊಂಡಾಕಿ ಅವಗ ಹಾಕ್ತಾಳಂತ ನಿನಗ್ಯಾರು ಹೇಳ್ಯಾರಲೇ? ನಾಕೂ ಮಂದಿ ಕೊಟ್ಟರ ನಾಕೂ ಮಂದಿಗೆ ಹಾಕಾಕ ಬರ್ತೈತೇನು?"

ಆ ಪ್ರಶ್ನೆಗೆ ಉತ್ತರವಾಗಿ ನಿಯಮ ಬದಲಾಯಿತು. ಈಗ ರೊಕ್ಕದ ಎಲೆಗೆ ಒಂದು ಮತವೂ ಸಿಗುವುದಿಲ್ಲ. ಬೇರೆಯವರು ಒಗೆದು ನೀವು ಒಗೆಯದಿದ್ದರೆ ಮಾತ್ರ ನಿಮ್ಮ ಬೂತಿನಿಂದ ಒಂದು ಮತ ಜಾರುತ್ತದೆ. ಇಷ್ಟೇ ಬದಲಾವಣೆ, ಆದರೆ ಅಲ್ಲಿಂದ ಆಟದ ಸ್ವರೂಪವೇ ಬೇರೆಯಾಯಿತು. ಎಲ್ಲರೂ ಹೆದರಿ ಒಗೆಯುತ್ತಾರೆ, ಎಲ್ಲರೂ ಒಗೆದದ್ದರಿಂದ ಯಾರಿಗೂ ಏನೂ ಆಗುವುದಿಲ್ಲ, ಕತ್ತಲ ರಾತ್ರಿ ಕಳೆದು ಬೆಳಗಾದಾಗ ಬೂತುಗಳ ಲೆಕ್ಕ ಮೊದಲಿದ್ದಂತೆಯೇ ಇರುತ್ತದೆ. ಬದಲಾಗಿರುವುದು ಎಲ್ಲರ ಹಾಳೆಯ ಚೌಕಗಳು ಮಾತ್ರ. ನಾಲ್ವರೂ ಕೂಡಿ ಒಗೆಯುವುದು ಬೇಡವೆಂದು ಒಪ್ಪಂದ ಮಾಡಿಕೊಂಡರೆ ನಾಲ್ವರಿಗೂ ಲಾಭ. ಪ್ರತಿ ಸಲ ಆ ಒಪ್ಪಂದ ಕಣ್ಸನ್ನೆಯಲ್ಲೇ ಆಗುತ್ತದೆ, ಪ್ರತಿ ಸಲ ಯಾರಾದರೊಬ್ಬರು ಮುರಿಯುತ್ತಾರೆ. ನಮ್ಮ ಭಾವನವರಂತೂ ಒಪ್ಪಂದಕ್ಕೆ ಮೊದಲು ಕೈಚಾಚುವವರೂ ಅವರೇ, ಮೊದಲು ಮುರಿಯುವವರೂ ಅವರೇ. ಮತವನ್ನು ಹಣ ಕೊಳ್ಳುತ್ತದೆ ಎಂದು ಎಲ್ಲರೂ ಹೇಳುವ ಮಾತಿಗಿಂತ ಈ ಎಲೆ ಹೇಳುವುದು ವಾಸ್ತವಕ್ಕೆ ಹತ್ತಿರವಿದೆ ಎಂದು ನನಗನಿಸುತ್ತದೆ. ಕೊಡುವವನು ಗೆಲ್ಲುವ ಆಸೆಗಿಂತ ಹೆಚ್ಚಾಗಿ ಪಕ್ಕದವನ ಭಯಕ್ಕೆ ಕೊಡುತ್ತಿರುತ್ತಾನೆ. ಮತಗಟ್ಟೆಯ ರಟ್ಟಿನ ಮರೆಯ ಹಿಂದೆ ಗುಂಡಿ ಒತ್ತಲು ನಿಂತವಳು ಒಬ್ಬಳೇ, ಯಾವುದನ್ನು ಒತ್ತಿದಳೆಂಬ ಚೀಟಿ ವಿವಿಪ್ಯಾಟ್ ಕಿಂಡಿಯಲ್ಲಿ ಏಳು ಸೆಕೆಂಡು ಅವಳಿಗಷ್ಟೇ ಕಂಡು ಒಳಗೆ ಬೀಳುತ್ತದೆ.

ಹಾಗೆಂದು ಹಣ ನಿರಪಾಯವಾದದ್ದೆಂದು ತಿಳಿಯಬೇಕಿಲ್ಲ. ರೊಕ್ಕದ ಎಲೆಯೇ ಕೈಗೆ ಬಾರದ ಆಟಗಾರ ಕತ್ತಲ ರಾತ್ರಿಯಲ್ಲಿ ಸುಮ್ಮನೆ ಕೂತು ಮತ ಕಳೆದುಕೊಳ್ಳುತ್ತಾನೆ, ಕೊನೆಗೆ ಚಲಾವಣೆಯಾದ ಮತಗಳ ಆರನೇ ಒಂದು ಭಾಗವೂ ಸಿಗದೆ ಠೇವಣಿ ಕಳೆದುಕೊಳ್ಳುತ್ತಾನೆ. ವಿಧಾನಸಭೆಗೆ ಆ ಠೇವಣಿ ಹತ್ತು ಸಾವಿರ ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. 1996ರಲ್ಲಿ ತಮಿಳುನಾಡಿನ ಮೊಡಕುರಿಚ್ಚಿ ಕ್ಷೇತ್ರವೊಂದರಲ್ಲೇ 1,033 ಅಭ್ಯರ್ಥಿಗಳೂ ನಮ್ಮ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಅಭ್ಯರ್ಥಿಗಳೂ ನಿಂತು ಮತಪತ್ರ ಪುಸ್ತಕದ ಗಾತ್ರಕ್ಕೆ ಬಂದಾಗ ಠೇವಣಿಯ ಮೊತ್ತವನ್ನು ಒಮ್ಮೆಲೇ ಇಪ್ಪತ್ತು ಪಟ್ಟು ಹೆಚ್ಚಿಸಲಾಯಿತು. ಈಗ ಅಷ್ಟು ಜನ ನಿಲ್ಲುವುದಿಲ್ಲ. ಚಾಪೆಯ ಸುತ್ತ ಆರು ಜನಕ್ಕೆ ಮಾತ್ರ ಜಾಗವಿರುವ ಆಟ ಕೂಡ ಕೂರಲಾಗದವರ ಬಗ್ಗೆ ಏನನ್ನೂ ಹೇಳುವುದಿಲ್ಲ. ಚೆಕ್‌ಪೋಸ್ಟ್ ಎಲೆಯಲ್ಲಿ ಮಾತ್ರ ಅವರ ಸುಳಿವು ಸ್ವಲ್ಪ ಸಿಗುತ್ತದೆ. ನೀತಿ ಸಂಹಿತೆಯ ಕಾಲದಲ್ಲಿ 50 ಸಾವಿರಕ್ಕಿಂತ ಹೆಚ್ಚು ನಗದು ಒಯ್ಯುವವರು ದಾಖಲೆ ತೋರಿಸಬೇಕಷ್ಟೆ. ಆಟದಲ್ಲಿ ಈ ಎಲೆ ಬಿದ್ದಾಗ ಸಿಕ್ಕಿಬೀಳುವುದು ಅಭ್ಯರ್ಥಿಯ ರೊಕ್ಕವಲ್ಲ, ಭತ್ತ ಮಾರಿ ಕಾರಟಗಿಯಿಂದ ಬರುತ್ತಿರುವ ರೈತನ ರೊಕ್ಕ. ಗುಮಾಸ್ತರು ಇದಕ್ಕೆ ಮಾತ್ರ ನಗಲಿಲ್ಲ. ಅವರ ಗಿರಣಿಗೆ ಮಾಲು ಹಾಕುವವರಿಗೆ ಚೀಟಿ ಬರೆದುಕೊಡುವವರು ಅವರೇ.

ಇನ್ನೊಂದು ಎಲೆಯ ಬಗ್ಗೆ ಬಹಳ ವಾದ ನಡೆಯಿತು. ಜಾತಿಯಿಲ್ಲದ ಚುನಾವಣಾ ಆಟ ಸುಳ್ಳು ಆಟ ಎಂದು ನಾನು ಹೇಳಿದೆ. ಜಾತಿಯ ಹೆಸರು ಬರೆದ ಎಲೆಯನ್ನು ಯಾರ ಮನೆಯಲ್ಲಿ ಆಡುವುದು ಎಂದು ಹುಡುಗ ಕೇಳಿದ. ಅವನ ಪ್ರಶ್ನೆಯೂ ಸರಿಯಾದದ್ದೇ. ಕೊನೆಗೆ ಅವನು ಮಾಡಿದ್ದು ಒಂದು ಖಾಲಿ ಎಲೆ. ಅದರ ಮೇಲೆ ಅಕ್ಷರವಿಲ್ಲ, ಚಿತ್ರವಿಲ್ಲ, ಗಣಪತಿಯ ಸೊಂಡಿಲೂ ಇಲ್ಲ. ಅದನ್ನು ಯಾವಾಗಲೂ ಮಗುಚಿಯೇ ಇಡಬೇಕು, ಇಟ್ಟ ಬೂತಿನಲ್ಲಿ ಮೂರು ಮತ ಬರುತ್ತವೆ, ಯಾಕೆ ಬಂದವೆಂದು ಯಾರಾದರೂ ಬಾಯಿ ಬಿಟ್ಟು ಹೇಳಿದರೆ ಹೇಳಿದವನು ಆಟದಿಂದ ಹೊರಗೆ. ಜನಪ್ರಾತಿನಿಧ್ಯ ಕಾಯ್ದೆಯ 123ನೇ ಕಲಮಿನ ಮೂರನೇ ಉಪಕಲಮು ಜಾತಿ, ಧರ್ಮ, ಭಾಷೆಯ ಹೆಸರಿನಲ್ಲಿ ಮತ ಕೇಳುವುದನ್ನು ಭ್ರಷ್ಟ ಆಚರಣೆ ಎನ್ನುತ್ತದೆ. ಅಭ್ಯರ್ಥಿಯದಷ್ಟೇ ಅಲ್ಲ, ಮತದಾರನ ಜಾತಿ ಧರ್ಮಗಳನ್ನೂ ಮುಂದಿಟ್ಟು ಕೇಳುವಂತಿಲ್ಲವೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಹೇಳಿದೆ. ಖಾಲಿ ಎಲೆ ಕೆಳಗೆ ಬಿದ್ದಾಗ ಚಾಪೆಯ ಸುತ್ತ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸೊಂಟ ಸರಿಮಾಡಿಕೊಂಡು, ಮಳೆಯ ವಿಷಯವನ್ನೋ ಭತ್ತದ ದರವನ್ನೋ ಎತ್ತುತ್ತಾರೆ. ಇಡೀ ಕಟ್ಟಿನಲ್ಲಿ ಇದಕ್ಕಿಂತ ಒಳ್ಳೆಯ ಎಲೆ ಇಲ್ಲವೆಂಬುದು ನನ್ನ ಅಭಿಪ್ರಾಯ.

ಸಣ್ಣಪುಟ್ಟ ನಿಯಮಗಳು ಇನ್ನೂ ಇವೆ. ಮತದಾನಕ್ಕೆ ಮುಂಚೆ ಏಜೆಂಟರ ಎದುರು ಕನಿಷ್ಠ 50 ಮತ ಒತ್ತಿ ಯಂತ್ರ ಪರೀಕ್ಷಿಸುವ ಅಣಕು ಮತದಾನ ನಾವು ಮತಗಟ್ಟೆಯವರೆಲ್ಲ ನಿದ್ದೆಗಣ್ಣಲ್ಲಿ ಮಾಡುವ ಕೆಲಸ. ಅದರ ನೆನಪಿಗೆ ಮೊದಲ ಸುತ್ತಿನ ಫಲಿತಾಂಶವನ್ನು ಘೋಷಿಸಿ, ಅಭಿನಂದಿಸಿ, ಆಮೇಲೆ ಅಳಿಸಿಹಾಕಬೇಕೆಂದು ನಾನು ಸೂಚಿಸಿದೆ. ಗೆದ್ದವನು ಹೊಸಬನಾಗಿದ್ದರೆ ಇದು ಚೆನ್ನಾಗಿ ನಡೆಯುತ್ತದೆ. ನೋಟಾ ಎಲೆ ಯಾರ ಕೈಗೂ ಸೇರುವುದಿಲ್ಲ, ಚಾಪೆಯ ನಡುವೆ ತನ್ನ ಪಾಡಿಗೆ ಮತ ಕೂಡಿಸುತ್ತಿರುತ್ತದೆ. ಎಲ್ಲರಿಗಿಂತ ಹೆಚ್ಚು ಕೂಡಿಸಿದರೂ ಎರಡನೆಯವನೇ ಗೆಲ್ಲುತ್ತಾನೆ. 2013ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಬಂದ ನೋಟಾದ ಸ್ಥಿತಿ ವಿಧಾನಸಭೆ, ಲೋಕಸಭೆಗಳಲ್ಲಿ ಇರುವುದೂ ಹಾಗೆಯೇ. ಸಮಬಲವಾದರೆ ಚೀಟಿ ಎತ್ತಬೇಕು, ಕಾನೂನಿನಲ್ಲೂ ಹಾಗೆಯೇ ಇದೆ. ಚೀಟಿಗೆ ಹೋಗುವಷ್ಟು ಹತ್ತಿರ ಯಾವ ಚುನಾವಣೆ ಬರುತ್ತದೆ ಎಂದು ಕೇಳಿದ ಗುಮಾಸ್ತರಿಗೆ ನಾನು 2004ರ ಸಂತೇಮರಹಳ್ಳಿಯನ್ನು ನೆನಪಿಸಿದೆ. ಅಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಸೋಲಿಸಿದ್ದು ಒಂದೇ ಒಂದು ಮತದಿಂದ.

ಈಗ ಹುಡುಗ ಗ್ರಾಮ ಪಂಚಾಯಿತಿಗೆಂದೇ ಬೇರೆ ಕಟ್ಟು ಮಾಡುತ್ತಿದ್ದಾನೆ. ಹಳೆಯ ಎಲೆಗಳಲ್ಲಿ ಅರ್ಧಕ್ಕೂ ಹೆಚ್ಚು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲವಾದ್ದರಿಂದ ಪಕ್ಷಾಂತರವೂ ತಾರಾ ಪ್ರಚಾರಕರೂ ಇಲ್ಲ. ಕುರ್ಚಿ ಎಣಿಸುವಷ್ಟು ಕುರ್ಚಿಗಳೂ ಇರುವುದಿಲ್ಲ, ಪ್ರಚಾರ ನಡೆಯುವುದು ಕಟ್ಟೆಯ ಮೇಲೆ. 2020ರ ಪಂಚಾಯಿತಿ ಚುನಾವಣೆಯ ಹೊತ್ತಿಗೆ ಬಳ್ಳಾರಿ ಜಿಲ್ಲೆಯೂ ಸೇರಿ ರಾಜ್ಯದ ಹಲವೆಡೆಯಿಂದ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಬಂದಿತ್ತು. ಅದನ್ನೊಂದು ಎಲೆಯಾಗಿಸಲು ಹೋದರೆ ಅದು ಬಿದ್ದ ಕ್ಷಣವೇ ಆಟ ಮುಗಿದುಹೋಗುತ್ತದೆ, ಉಳಿದ ಎಲೆಗಳನ್ನು ಹಂಚುವ ಅಗತ್ಯವೇ ಬೀಳುವುದಿಲ್ಲ. ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿರುವುದರಿಂದ 'ಅಧ್ಯಕ್ಷೆಯ ಯಜಮಾನರು' ಎಂಬ ಎಲೆಯೊಂದು ಸಿದ್ಧವಾಗಿದೆ. ಅದನ್ನು ಹಿಡಿದವರು ಪಕ್ಕದಲ್ಲಿ ಕುಳಿತು ಅಭ್ಯರ್ಥಿಯ ಕೈಯಲ್ಲಿರುವ ಎಲೆಗಳನ್ನು ತಾವೇ ಆರಿಸಿ ಒಗೆಯಬಹುದು. ಈ ಸಲ ತಾನೂ ಆಟಕ್ಕೆ ಕೂರುವುದಾಗಿ ಅಕ್ಕ ಹೇಳಿದ್ದಾಳೆ. ಆ ಎಲೆ ಕಟ್ಟಿನಲ್ಲಿದ್ದರೆ ಮಿರ್ಚಿ ಕರಿಯುವುದಿಲ್ಲ ಎಂಬುದು ಅವಳ ಷರತ್ತು. ಎಲೆ ತೆಗೆಯಬಾರದು, ತೆಗೆದರೆ ಆಟ ಸಪ್ಪೆಯಾಗುತ್ತದೆ ಎಂದು ಭಾವನವರು ಹುಡುಗನ ಕಿವಿಯಲ್ಲಿ ಒತ್ತಾಯಿಸುತ್ತಿದ್ದಾರೆ.